ಮಾನಸಿಕ ಆರೋಗ್ಯ ಕಾಯ್ದೆ ಮತ್ತು ಜನರಲ್ ಆಸ್ಪತ್ರೆ: ಕ್ಯಾಜುವಲ್ಟಿಯಿಂದ ಡಿಸ್ಚಾರ್ಜ್‌ವರೆಗೆ ಏನು ಬದಲಾಗಬೇಕು?

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದಲ್ಲಿರುವ ನೂರು ಹಾಸಿಗೆಯ ಖಾಸಗಿ ಆಸ್ಪತ್ರೆ. ಮೆಡಿಸಿನ್, ಸರ್ಜರಿ, ಮೂಳೆ, ಹೆರಿಗೆ ವಿಭಾಗಗಳಿವೆ. ಮನೋವೈದ್ಯರು ವಾರಕ್ಕೆ ಎರಡು ದಿನ ಓಪಿಡಿಗೆ ಬಂದು ಹೋಗುತ್ತಾರೆ, ಅವರಿಗೆ ಬೇರೆ ವಾರ್ಡ್ ಇಲ್ಲ. ಆದರೆ ವಿಷ ಸೇವಿಸಿದವರು, ಕುಡಿತ ನಿಂತು ನಡುಕ ಹತ್ತಿದವರು, ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಲೇ ಮೂಳೆ ಮುರಿದುಕೊಂಡು ಬಂದವರು ಎಲ್ಲ ವಾರ್ಡ್‌ಗಳಲ್ಲೂ ಇರುತ್ತಾರೆ. ದೇಹ, ಮನಸ್ಸು ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದಂತೆ. ಅದು ನಮಗೆ ಅನ್ವಯಿಸುತ್ತದೆಯೇ? ನೋಂದಣಿ ಬೇಕೇ? ಇರುವ ಸಿಬ್ಬಂದಿಯಲ್ಲೇ ಮಾಡುವುದು ಹೇಗೆ?

ಉತ್ತರ: ಅನ್ವಯಿಸುತ್ತದೆ. ಆದರೆ ಪೂರ್ತಿ ಕಾಯ್ದೆ ಒಂದೇ ತೂಕದಲ್ಲಿ ನಿಮ್ಮ ಮೇಲೆ ಬೀಳುವುದಿಲ್ಲ. ಯಾವ ಭಾಗ ಸರ್ಕಾರದ ಹೊಣೆ, ಯಾವುದು ಎಲ್ಲ ಆಸ್ಪತ್ರೆಗಳ ಹೊಣೆ, ಯಾವುದು ಮನೋರೋಗಕ್ಕೆಂದೇ ಒಳರೋಗಿಗಳನ್ನು ಇಟ್ಟುಕೊಳ್ಳುವವರ ಹೊಣೆ ಎಂಬುದನ್ನು ಮೊದಲು ಬಿಡಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ನೀವು ಕೇಳಿರುವ ಮಾತು ಅದರ 18ನೇ ಕಲಮಿನಲ್ಲಿದೆ. ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ಎಲ್ಲ ಸಾಮಾನ್ಯ ಆರೋಗ್ಯ ಸೇವೆಗಳಲ್ಲೂ ಮಾನಸಿಕ ಆರೋಗ್ಯ ಸೇವೆಯನ್ನು ಸೇರಿಸಬೇಕು, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ ಸೇವೆ ಇರಬೇಕು, ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಉಚಿತವಾಗಿ ಸಿಗಬೇಕು ಎನ್ನುತ್ತದೆ ಅದು. ಈ ಹೊಣೆ ಸರ್ಕಾರದ್ದು. 31ನೇ ಕಲಮೂ ಹಾಗೆಯೇ: ಸರ್ಕಾರಿ ಆಸ್ಪತ್ರೆಗಳ ಮತ್ತು ಜೈಲುಗಳ ಎಲ್ಲ ವೈದ್ಯಾಧಿಕಾರಿಗಳಿಗೆ ಮೂಲಭೂತ ಹಾಗೂ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಿಸಬೇಕಾದದ್ದು ಸರ್ಕಾರ.

ನಿಮ್ಮನ್ನು ನೇರವಾಗಿ ಹಿಡಿಯುವುದು 21ನೇ ಕಲಮು. ಮಾನಸಿಕ ಕಾಯಿಲೆ ಇರುವವರನ್ನು ಎಲ್ಲ ಬಗೆಯ ಆರೋಗ್ಯ ಸೇವೆಯಲ್ಲೂ ದೈಹಿಕ ಕಾಯಿಲೆಯವರಿಗೆ ಸಮನಾಗಿ ನೋಡಬೇಕು. ತುರ್ತು ಸೇವೆಯ ಗುಣಮಟ್ಟ ಒಂದೇ ಇರಬೇಕು, ಆಂಬುಲೆನ್ಸ್ ಒಂದೇ ರೀತಿ ಸಿಗಬೇಕು, ಆಸ್ಪತ್ರೆಯೊಳಗಿನ ವಾಸದ ಸ್ಥಿತಿ ಒಂದೇ ಇರಬೇಕು. ‘ಸೈಕಿಯಾಟ್ರಿ ಕೇಸ್, ನಮ್ಮಲ್ಲಿ ಆಗಲ್ಲ’ ಎಂದು ಗೇಟಿನಿಂದಲೇ ವಾಪಸು ಕಳಿಸುವುದು ಈ ಕಲಮಿಗೆ ನೇರ ವಿರುದ್ಧ. ಕಾಯ್ದೆಯನ್ನು ಮೀರಿದರೆ 108ನೇ ಕಲಮಿನಡಿ ಮೊದಲ ಸಲಕ್ಕೆ 6 ತಿಂಗಳವರೆಗೆ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಇನ್ನು ನೋಂದಣಿ. ‘ಮಾನಸಿಕ ಆರೋಗ್ಯ ಸಂಸ್ಥೆ’ ಎಂಬುದರ ವ್ಯಾಖ್ಯೆಯೊಳಗೆ ಜನರಲ್ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳೂ ಬರುತ್ತವೆ. ಪೂರ್ತಿಯಾಗಿ ಇಲ್ಲವೇ ಭಾಗಶಃ ಮಾನಸಿಕ ಕಾಯಿಲೆಯವರ ಆರೈಕೆಗೆಂದು ಇದ್ದು, ಅವರನ್ನು ದಾಖಲಿಸಿಕೊಂಡು ಇಟ್ಟುಕೊಳ್ಳುತ್ತಿದ್ದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಲೇಬೇಕು. ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಈ ಕಾಯ್ದೆಯ ‘ಮಾನಸಿಕ ಕಾಯಿಲೆ’ಯಲ್ಲಿ ಸೇರಿವೆ. ಇದನ್ನು ಬಹಳ ಆಸ್ಪತ್ರೆಗಳು ಮರೆಯುತ್ತವೆ. ಓಪಿಡಿ ಮಾತ್ರ ನಡೆಸುತ್ತಿದ್ದರೆ ನೀವು ಈ ವ್ಯಾಖ್ಯೆಗೆ ಸಿಗುವುದಿಲ್ಲ. ನ್ಯುಮೋನಿಯಾಕ್ಕೆ ದಾಖಲಾದವರಿಗೆ ಸ್ಕಿಜೋಫ್ರೇನಿಯಾ ಕೂಡ ಇದೆ ಎಂದ ಮಾತ್ರಕ್ಕೂ ಸಿಗುವುದಿಲ್ಲ. ಅಲ್ಲಿ ನೀವು ಚಿಕಿತ್ಸೆ ಕೊಡುತ್ತಿರುವುದು ನ್ಯುಮೋನಿಯಾಕ್ಕೆ. ಆದರೆ ಮನೋವೈದ್ಯರ ಸಲಹೆಯ ಮೇಲೆ ಖಿನ್ನತೆಗೋ ಕುಡಿತ ಬಿಡಿಸುವುದಕ್ಕೋ ಆಗಾಗ ‘ಮೆಡಿಸಿನ್ ವಾರ್ಡ್‌ನಲ್ಲೇ ನಾಲ್ಕು ದಿನ’ ಇಟ್ಟುಕೊಳ್ಳುತ್ತಿದ್ದರೆ ನೀವು ಗೆರೆ ದಾಟಿದ್ದೀರಿ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಬಾರಿಗೆ 5,000ದಿಂದ 50,000 ರೂಪಾಯಿ, ಎರಡನೇ ಬಾರಿಗೆ 2 ಲಕ್ಷದವರೆಗೆ, ಆಮೇಲೆ 5 ಲಕ್ಷದವರೆಗೆ ದಂಡವಿದೆ. ನಮ್ಮ ಸಲಹೆ ಸ್ಪಷ್ಟ: ನೋಂದಣಿ ಮಾಡಿಸಿಕೊಳ್ಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿಯೊಂದೇ ಇದಕ್ಕೆ ಸಾಲದು, ಆದರೆ ಅದರ ಪ್ರತಿಯನ್ನು ಈ ಅರ್ಜಿಯ ಜೊತೆ ಇಡಬಹುದು. ಅನುಮಾನ ಉಳಿದಿದ್ದರೆ ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ, ಬಂದ ಉತ್ತರವನ್ನು ಫೈಲಿನಲ್ಲಿಡಿ.

ನೋಂದಣಿಯ ಮಾತಾಡುತ್ತ ಕ್ಯಾಜುವಲ್ಟಿಯನ್ನು ಮರೆಯಬೇಡಿ. ಕಾಯ್ದೆ ಅಲ್ಲಿ ನಿಮಗೆ ಸಾಕಷ್ಟು ಅಧಿಕಾರ ಕೊಟ್ಟಿದೆ. 94ನೇ ಕಲಮಿನ ಪ್ರಕಾರ ಯಾವುದೇ ನೋಂದಾಯಿತ ವೈದ್ಯರು ಯಾವುದೇ ಆಸ್ಪತ್ರೆಯಲ್ಲಿ ತುರ್ತು ಮಾನಸಿಕ ಚಿಕಿತ್ಸೆ ಕೊಡಬಹುದು. ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ಸರಿಪಡಿಸಲಾಗದ ಹಾನಿ, ತನಗೋ ಇತರರಿಗೋ ಗಂಭೀರ ಅಪಾಯ, ಆಸ್ತಿಗೆ ದೊಡ್ಡ ನಷ್ಟ, ಈ ಮೂರರಲ್ಲಿ ಒಂದನ್ನು ತಡೆಯಲು ಕೂಡಲೇ ಬೇಕಾಗಿರಬೇಕು. ಮಿತಿ 72 ಗಂಟೆ, ಅಥವಾ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪರೀಕ್ಷೆ ಆಗುವವರೆಗೆ, ಯಾವುದು ಮೊದಲೋ ಅದು. ಅಲ್ಲಿಗೆ ಸಾಗಿಸುವುದೂ ಈ ಚಿಕಿತ್ಸೆಯ ಭಾಗವೇ. ಇಸಿಟಿಯನ್ನು (ವಿದ್ಯುತ್ ಆಘಾತ ಚಿಕಿತ್ಸೆ) ಮಾತ್ರ ತುರ್ತು ಚಿಕಿತ್ಸೆಯೆಂದು ಕೊಡುವಂತಿಲ್ಲ. ನಾಮನಿರ್ದೇಶಿತ ಪ್ರತಿನಿಧಿ ಜೊತೆಗಿದ್ದರೆ ಅವರ ಒಪ್ಪಿಗೆ ಬೇಕು. ರೋಗಿ ಯಾರನ್ನೂ ನೇಮಿಸಿರದಿದ್ದರೆ ಸಂಬಂಧಿಕರು, ಅವರಿಲ್ಲದಿದ್ದರೆ ನೋಡಿಕೊಳ್ಳುತ್ತಿರುವವರು ಆ ಸ್ಥಾನಕ್ಕೆ ಬರುತ್ತಾರೆ. ಯಾರೂ ಇಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ. ಕೇಸ್ ಶೀಟಿನಲ್ಲಿ ನಾಲ್ಕು ಸಾಲು ಸಾಕು: ತುರ್ತು ಏನಿತ್ತು, ಯಾರ ಒಪ್ಪಿಗೆ ಪಡೆದಿರಿ ಅಥವಾ ಏಕೆ ಸಿಗಲಿಲ್ಲ, ಏನು ಕೊಟ್ಟಿರಿ, ಎಷ್ಟು ಗಂಟೆಗೆ ಶುರುವಾಯಿತು. ಕೊನೆಯದನ್ನು ಬರೆಯದೆ ಬಿಟ್ಟರೆ 72 ಗಂಟೆಯ ಲೆಕ್ಕವೇ ತಪ್ಪಿಹೋಗುತ್ತದೆ.

ವಿಷ ಸೇವಿಸಿ ಬಂದವರ ವಿಷಯದಲ್ಲಿ ಇಂದಿಗೂ ಹಳೆಯ ಭಯ ಹೋಗಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಕಾನೂನು ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ ಎಂದು 115ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿಪಡಿಸಲೆಂದು ಆತ್ಮಹತ್ಯೆಗೆ ಯತ್ನಿಸುವುದನ್ನು ಮಾತ್ರ 226ನೇ ಕಲಮು ಅಪರಾಧವಾಗಿ ಉಳಿಸಿಕೊಂಡಿದೆ. ಎಂಎಲ್‌ಸಿ ಮಾಡುವ, ಅಂದರೆ ಪೊಲೀಸರಿಗೆ ತಿಳಿಸುವ ಪದ್ಧತಿ ನಡೆಯುತ್ತಲೇ ಇದೆ, ನಡೆಯಲಿ. ಆದರೆ ಪೊಲೀಸರ ಭಯದಿಂದ ಮನೆಯವರು ‘ತಪ್ಪಿ ಕುಡಿದದ್ದು’ ಎನ್ನುವುದು, ಅದನ್ನು ಬರೆದುಕೊಂಡು ಡ್ಯೂಟಿ ಡಾಕ್ಟರು ಸುಮ್ಮನಾಗುವುದು, ಹೊಟ್ಟೆ ತೊಳೆಸಿ ಮೂರನೇ ದಿನ ಮನೆಗೆ ಕಳಿಸುವುದು: ಜೀವ ಹೋಗುವುದು ಇಲ್ಲಿ. ಡಿಸ್ಚಾರ್ಜ್ ಆದ ಮೊದಲ ಕೆಲವು ವಾರಗಳೇ ಅತಿ ಅಪಾಯದವು. ಮನೆಯವರನ್ನು ಹೊರಗೆ ಕೂರಿಸಿ, ರೋಗಿಯ ಜೊತೆ ಒಬ್ಬರೇ ಕುಳಿತು ‘ಸಾಯಬೇಕು ಅನ್ನಿಸಿತ್ತಾ? ಈಗಲೂ ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತೆಂಬ ಹೆದರಿಕೆಗೆ ಆಧಾರವಿಲ್ಲ. ಮನೋವೈದ್ಯರು ನೋಡುವ ಮುಂಚೆ ಡಿಸ್ಚಾರ್ಜ್ ಬೇಡ. ಅವರು ಬರುವ ದಿನ ದೂರವಿದ್ದರೆ ವಿಡಿಯೊದಲ್ಲಾದರೂ ಮಾತಾಡಿಸಿ. ಕೀಟನಾಶಕ, ಮಾತ್ರೆಗಳನ್ನು ಮನೆಯಲ್ಲಿ ಬೀಗ ಹಾಕಿಡುವಂತೆ ಮನೆಯವರಿಗೆ ಹೇಳಿ, ಮುಂದಿನ ಭೇಟಿಯ ದಿನಾಂಕವನ್ನು ಒಂದು ವಾರದೊಳಗೆ ಇಟ್ಟು ಬರೆದುಕೊಡಿ, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಅಚ್ಚು ಹಾಕಿಸಿ. ಅದು ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಈಗ ವಾರ್ಡ್‌ಗೆ ಬರೋಣ. ನಿಜವಾದ ಸಮಸ್ಯೆ ಇರುವುದು ಅಲ್ಲಿ, ಮತ್ತು ಕಾನೂನು ಅಲ್ಲಿಯವರೆಗೆ ತಾನಾಗಿ ನಡೆದು ಬರುವುದಿಲ್ಲ. ‘ಸೇರಿಸಬೇಕು’ ಎಂದು ಕಾಯ್ದೆ ಬರೆದರೂ, ಯಾರು, ಯಾವ ಹೊತ್ತಿಗೆ, ಯಾವ ಕಾಗದದ ಮೇಲೆ ಎಂಬುದು ನಿಮ್ಮ ಡ್ಯೂಟಿ ಪಟ್ಟಿಯಲ್ಲಿ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳಿ. ತೊಡೆ ಮೂಳೆ ಮುರಿದು ದಾಖಲಾದವರು. ಮೊದಲ ದಿನ ಶಾಂತ. ಎರಡನೇ ದಿನ ಕೈ ನಡುಕ, ಬೆವರು, ನಿದ್ದೆಯಿಲ್ಲ. ನೋವಿರಬೇಕೆಂದು ನೋವಿನ ಇಂಜೆಕ್ಷನ್. ಮೂರನೇ ರಾತ್ರಿ ಗೋಡೆಯ ಮೇಲೆ ಹುಳು ಓಡುತ್ತಿದೆ ಎನ್ನುತ್ತಾರೆ, ಡ್ರಿಪ್ ಕೀಳುತ್ತಾರೆ, ಮಂಚದಿಂದ ಇಳಿಯುತ್ತಾರೆ. ‘ತಲೆ ಕೆಟ್ಟಿದೆ’ ಎಂದು ಬ್ಯಾಂಡೇಜಿನಲ್ಲಿ ಮಂಚಕ್ಕೆ ಕಟ್ಟಿ ಮನೋರೋಗದ ಔಷಧಿ ಹ್ಯಾಲೊಪೆರಿಡಾಲ್ ಚುಚ್ಚುತ್ತಾರೆ. ಇದು ಕುಡಿತ ನಿಂತದ್ದರಿಂದ ಬಂದ ಡೆಲಿರಿಯಂ ಟ್ರೆಮನ್ಸ್, ಅಂದರೆ ನಡುಕದೊಂದಿಗೆ ಬರುವ ತೀವ್ರ ಗಲಿಬಿಲಿ. ಕೊನೆಯ ಬಾರಿ ಕುಡಿದ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಡೆಲಿರಿಯಂ ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಹ್ಯಾಲೊಪೆರಿಡಾಲ್ ಒಂದನ್ನೇ ಕೊಟ್ಟರೆ ಮೂಲ ಕಾರಣಕ್ಕೆ ಚಿಕಿತ್ಸೆ ಆಗುವುದಿಲ್ಲ, ಮೇಲಾಗಿ ಫಿಟ್ಸ್ ಬರುವ ಸಾಧ್ಯತೆ ಹೆಚ್ಚುತ್ತದೆ. ಬೇಕಾದದ್ದು ಬೆನ್ಜೊಡಯಾಜೆಪಿನ್, ಯಕೃತ್ತು ಹಾಳಾಗಿದ್ದರೆ ಲೊರಾಜೆಪಾಮ್. ಗ್ಲೂಕೋಸ್ ಏರಿಸುವ ಮುಂಚೆ ಥಯಮಿನ್ (ಬಿ1 ಜೀವಸತ್ವ), ಅದೂ ರಕ್ತನಾಳದ ಮೂಲಕ. ಥಯಮಿನ್ ಕೊರತೆಯಿಂದ ಮಿದುಳಿಗೆ ಬರುವ ವರ್ನಿಕೆ ಎನ್‌ಸೆಫಲೋಪತಿಯ ಅನುಮಾನವಿದ್ದರೆ 500 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಸಲ. ಮೆಗ್ನೀಶಿಯಂ, ಪೊಟ್ಯಾಶಿಯಂ ನೋಡಬೇಕು, ತಲೆಗೆ ಪೆಟ್ಟಾಗಿದೆಯೇ, ಸೋಂಕಿದೆಯೇ ಎಂಬುದನ್ನೂ ನೋಡಬೇಕು. ಇಷ್ಟೆಲ್ಲ ತಪ್ಪಿದ್ದು ಮೊದಲ ದಿನ ಒಂದು ಪ್ರಶ್ನೆ ಕೇಳದ್ದಕ್ಕೆ: ‘ದಿನಾ ಎಷ್ಟು ಕುಡಿಯುತ್ತೀರಿ, ಕೊನೆಗೆ ಕುಡಿದದ್ದು ಯಾವಾಗ?’ ಅರಿವಳಿಕೆ ವೈದ್ಯರ ಪರೀಕ್ಷೆಯ ಹಾಳೆಯಲ್ಲಿ, ನರ್ಸಿಂಗ್ ದಾಖಲಾತಿ ಹಾಳೆಯಲ್ಲಿ ಈ ಪ್ರಶ್ನೆಗೆ ಖಾಲಿ ಜಾಗ ಅಚ್ಚಾಗಿರಲಿ. ಜಾಗ ಇದ್ದರೆ ಕೇಳುತ್ತಾರೆ, ಇಲ್ಲದಿದ್ದರೆ ಕೇಳುವುದಿಲ್ಲ.

ಕಟ್ಟಿಹಾಕುವ ಬಗ್ಗೆ ಕಾಯ್ದೆ ಕಟ್ಟುನಿಟ್ಟು. ಸರಪಳಿ ಯಾವ ರೂಪದಲ್ಲೂ ಇಲ್ಲ, ಒಂಟಿ ಕೋಣೆಯಲ್ಲಿ ಕೂಡಿಹಾಕುವುದು ಇಲ್ಲ. ದೈಹಿಕ ತಡೆ ಬೇಕಾದರೆ ಕೂಡಲೇ ಆಗಬಹುದಾದ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಿರಬೇಕು, ಮನೋವೈದ್ಯರ ಅನುಮತಿ ಬೇಕು, ಕಾರಣವನ್ನೂ ಅವಧಿಯನ್ನೂ ಬರೆಯಬೇಕು, ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಕಡಿಮೆ ಇದ್ದಾರೆ ಎಂಬುದು ಕಾರಣವಲ್ಲವೆಂದು 97ನೇ ಕಲಮು ಬಿಡಿಸಿ ಹೇಳಿದೆ. ರಾತ್ರಿ ಇಬ್ಬರೇ ನರ್ಸ್ ಇರುವ ವಾರ್ಡ್‌ನಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ ಎಂಬುದು ನಿಜ. ಆದ್ದರಿಂದಲೇ ತಡೆಯ ಹಂತಕ್ಕೆ ಹೋಗದಂತೆ ಎರಡನೇ ದಿನವೇ ನಡುಕ ಗುರುತಿಸುವುದು ಮುಖ್ಯ.

ಇನ್ನೊಂದು ತಪ್ಪು ತಿರುವುಮುರುವಾಗಿ ನಡೆಯುತ್ತದೆ. ಮಾನಸಿಕ ಕಾಯಿಲೆಯ ಹಣೆಪಟ್ಟಿ ಇರುವವರು ಎದೆನೋವು ಎಂದರೆ ‘ಆತಂಕ’ ಎಂದು ಬರೆದು ಬದಿಗಿಡುತ್ತಾರೆ. ಹಳೆಯ ಫೈಲಿನಲ್ಲಿ ಏನೇ ಇರಲಿ, ಹೊಸದಾಗಿ ಗಲಿಬಿಲಿಯಾಗಿ ಬಂದವರಿಗೆ ನಾಡಿ, ಬಿಪಿ, ಜ್ವರ, ಆಮ್ಲಜನಕದ ಮಟ್ಟ, ಬೆರಳ ತುದಿಯ ಸಕ್ಕರೆ, ಇಸಿಜಿ ಇಷ್ಟು ಆಗದೆ ಮನೋವೈದ್ಯರಿಗೆ ಕಳಿಸಬಾರದು ಎಂಬ ನಿಯಮ ಮಾಡಿ. ದಿನದಲ್ಲಿ ಒಮ್ಮೆ ಸರಿ, ಒಮ್ಮೆ ಮಂಪರು ಎಂದು ಪ್ರಜ್ಞೆ ಏರಿಳಿಯುತ್ತಿದ್ದರೆ ಅದು ದೇಹದ ಕಾಯಿಲೆಯ ಗುರುತು. ಕ್ಷಯರೋಗಕ್ಕೆ ಸೈಕ್ಲೊಸೆರಿನ್ ತೆಗೆದುಕೊಳ್ಳುವವರಲ್ಲಿ ಬಂದ ಭ್ರಮೆಗೆ ಆ ಔಷಧಿಯೇ ಕಾರಣವಿರಬಹುದು.

ಔಷಧಿಗಳ ವಿಷಯದಲ್ಲಿ ವಿಭಾಗಗಳು ಒಂದನ್ನೊಂದು ಕೇಳದಿದ್ದರೆ ಅಪಾಯ ಗ್ಯಾರಂಟಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ಮೂಳೆ ವಾರ್ಡ್‌ನಲ್ಲಿ ನೋವಿಗೆ ಡೈಕ್ಲೊಫೆನಾಕ್ ಕೊಟ್ಟರೆ, ಅಥವಾ ಬಿಪಿಗೆಂದು ಥಯಾಜೈಡ್, ಎನಾಲಪ್ರಿಲ್ ಜಾತಿಯ ಮಾತ್ರೆ ಶುರುಮಾಡಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಸಾಮಾನ್ಯವಾಗಿ 0.6ರಿಂದ 1.0ರ ನಡುವೆ ಇರಬೇಕಾದದ್ದು 1.5 ದಾಟಿದರೆ ವಾಂತಿ, ಭೇದಿ, ನಡುಕ, ತೊದಲು. ಆ ವಾಂತಿಭೇದಿಯಿಂದ ನೀರು ಕಡಿಮೆಯಾಗಿ ಮಟ್ಟ ಇನ್ನೂ ಏರುತ್ತದೆ. ಸ್ಕಿಜೋಫ್ರೇನಿಯಾದ ಔಷಧಿ ಕ್ಲೊಜಪಿನ್ ಕೂಡ ಅಷ್ಟೇ ಸೂಕ್ಷ್ಮ: ಆಸ್ಪತ್ರೆಗೆ ಬಂದು ಬೀಡಿ ಸಿಗರೇಟು ನಿಂತ ಕೂಡಲೇ ರಕ್ತದಲ್ಲಿ ಅದರ ಮಟ್ಟ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆಗೆಂದು 48 ಗಂಟೆಗಿಂತ ಹೆಚ್ಚು ನಿಲ್ಲಿಸಿದ್ದರೆ ಹಳೆಯ ಪ್ರಮಾಣದಲ್ಲೇ ಮತ್ತೆ ಕೊಡುವಂತಿಲ್ಲ, 12.5 ಮಿ.ಗ್ರಾಂ.ನಿಂದ ಶುರುಮಾಡಬೇಕು. ಅದು ತರುವ ಮಲಬದ್ಧತೆ ಕರುಳು ಕಟ್ಟುವವರೆಗೆ ಹೋಗಬಹುದೆಂದು ಸರ್ಜರಿ ವಾರ್ಡ್‌ಗೆ ತಿಳಿದಿರಬೇಕು. ಮನೋರೋಗದ ಮಾತ್ರೆಗಳಲ್ಲಿ ಒಲಾಂಜಪಿನ್‌ನಂಥವು ತೂಕ, ಸಕ್ಕರೆ, ಕೊಬ್ಬು ಏರಿಸುತ್ತವೆ. ಶುರುಮಾಡುವ ಮೊದಲು, ಮೂರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಲಿಪಿಡ್ ನೋಡಬೇಕು. ಇದನ್ನು ಮನೋವೈದ್ಯರು ಬರೆಯುತ್ತಾರೋ ಫಿಜಿಶಿಯನ್ ಬರೆಯುತ್ತಾರೋ ಎಂಬ ಹಗ್ಗಜಗ್ಗಾಟದಲ್ಲೇ ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ಯಾರೆಂದು ಹೆಸರು ಹಾಕಿ ನಿಗದಿ ಮಾಡಿ.

ರೆಫರೆನ್ಸ್ ಚೀಟಿಯನ್ನೂ ಸರಿಪಡಿಸಿ. ‘ಸೈಕಿಯಾಟ್ರಿ ಒಪಿನಿಯನ್’ ಎಂದಷ್ಟೇ ಬರೆದ ಚೀಟಿ ಯಾರಿಗೂ ಉಪಯೋಗವಿಲ್ಲ. ಏನು ಕಂಡಿತು, ಎಂದಿನಿಂದ, ಈಗಿನ ಎಲ್ಲ ಔಷಧಿಗಳು, ಕಿಡ್ನಿ ಮತ್ತು ಯಕೃತ್ತಿನ ವರದಿ, ಉತ್ತರ ಬೇಕಾಗಿರುವ ಪ್ರಶ್ನೆ ಯಾವುದು, ಎಷ್ಟು ಬೇಗ ಎಂಬುದಿರಲಿ. ರೋಗಿಗೂ ತಿಳಿಸಿರಬೇಕು; ಹೇಳದೆ ಮನೋವೈದ್ಯರನ್ನು ಮಂಚದ ಬಳಿ ನಿಲ್ಲಿಸಿದರೆ ಮಾತು ಅಲ್ಲಿಗೇ ಮುರಿಯುತ್ತದೆ.

ವಾರಕ್ಕೆ ಎರಡು ದಿನದ ಮನೋವೈದ್ಯರಿಂದ ಇದೆಲ್ಲ ಸಾಧ್ಯವೇ ಎಂದರೆ, ಅವರು ಪ್ರತಿಯೊಬ್ಬರನ್ನೂ ನೋಡುವ ಪದ್ಧತಿಯಲ್ಲಿ ಸಾಧ್ಯವಿಲ್ಲ. ಸಾಧ್ಯವಿರುವುದು ಹೀಗೆ: ಒಬ್ಬ ಹಿರಿಯ ನರ್ಸ್ ಅಥವಾ ಸಮಾಜ ಕಾರ್ಯಕರ್ತರನ್ನು ಇದಕ್ಕೇ ನೇಮಿಸಿ. ಸಕ್ಕರೆ ಕಾಯಿಲೆ, ಹೃದಯ, ಹೆರಿಗೆ, ಕ್ಯಾನ್ಸರ್ ರೋಗಿಗಳಿಗೆ ಖಿನ್ನತೆಯ ಸುಳಿವು ಹುಡುಕುವ ಎರಡು ಪ್ರಶ್ನೆಗಳ ಪಿಎಚ್‌ಕ್ಯೂ-2 ಕೇಳಲಿ. ಅಂಕ 3 ಅಥವಾ ಹೆಚ್ಚಿದ್ದರೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9. ಅದು 27ಕ್ಕೆ ಲೆಕ್ಕ. 10 ಅಥವಾ ಹೆಚ್ಚಿದ್ದರೆ ವೈದ್ಯರು ಕುಳಿತು ಮಾತಾಡಿ ಖಿನ್ನತೆ ಇದೆಯೇ ಎಂದು ತೀರ್ಮಾನಿಸಬೇಕು, ಅಂಕವೇ ರೋಗನಿರ್ಣಯವಲ್ಲ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಏನೇ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅದೇ ದಿನ ವೈದ್ಯರು ನೋಡಬೇಕು. ಚಿಕಿತ್ಸೆಯನ್ನು ಫಿಜಿಶಿಯನ್ನರೇ ಶುರುಮಾಡಲಿ, ನರ್ಸ್ ಎರಡು ವಾರಕ್ಕೊಮ್ಮೆ ಫೋನ್ ಮಾಡಿ ಅಂಕವನ್ನು ರಿಜಿಸ್ಟರಿನಲ್ಲಿ ಬರೆಯಲಿ. ಮನೋವೈದ್ಯರು ಬಂದ ದಿನ ಮೊದಲ ಒಂದು ಗಂಟೆ ಆ ರಿಜಿಸ್ಟರನ್ನು ನೋಡಿ, ಸುಧಾರಿಸದವರ ಔಷಧಿ ಬದಲಿಸಲಿ, ಕಷ್ಟದ ರೋಗಿಗಳನ್ನು ಮಾತ್ರ ತಾವೇ ನೋಡಲಿ. ಆ ಒಂದು ಗಂಟೆಗೆ ಅವರಿಗೆ ಹಣ ಕೊಡಿ. ರೋಗಿಯ ತಲೆಗಿಷ್ಟು ಎಂದು ಮಾತ್ರ ಕೊಡುವ ಕಡೆ ರಿಜಿಸ್ಟರ್ ನೋಡುವ ಕೆಲಸ ಎರಡು ತಿಂಗಳಲ್ಲಿ ನಿಂತುಹೋಗುತ್ತದೆ.

ಫೈಲು ಒಂದೇ ಇರಲಿ. ಔಷಧಿ, ಅಲರ್ಜಿ, ರೋಗನಿರ್ಣಯ ಚಿಕಿತ್ಸೆ ಕೊಡುವ ಎಲ್ಲರಿಗೂ ಕಾಣಬೇಕು. ಆಪ್ತಸಮಾಲೋಚನೆಯಲ್ಲಿ ಹೇಳಿಕೊಂಡ ಸಂಸಾರದ ವಿವರ ಎಲ್ಲರಿಗೂ ಕಾಣಬೇಕಾಗಿಲ್ಲ. ಅದನ್ನು ಬೇರೆ ಹಾಳೆಯಲ್ಲಿಟ್ಟು, ಯಾರು ತೆರೆಯಬಹುದೆಂದು ನಿಗದಿ ಮಾಡಿ. 23ನೇ ಕಲಮಿನ ಗೋಪ್ಯತೆ ದೈಹಿಕ ಚಿಕಿತ್ಸೆಯ ಮಾಹಿತಿಗೂ ಅನ್ವಯಿಸುತ್ತದೆ. ವಾರ್ಡ್‌ನ ವಾಟ್ಸಾಪ್ ಗುಂಪಿಗೆ ರೋಗಿಯ ಫೋಟೊ ಹಾಕುವುದನ್ನು ಇಂದೇ ನಿಲ್ಲಿಸಿ.

ನೋಂದಣಿಯಾದ ಮೇಲೆ ಮನೋರೋಗಕ್ಕೇ ದಾಖಲಿಸಿಕೊಳ್ಳುವುದಾದರೆ ಮೊದಲ ಆಯ್ಕೆ ರೋಗಿಯೇ ಒಪ್ಪಿ ಸೇರುವ ಸ್ವತಂತ್ರ ದಾಖಲಾತಿ. ನಿರ್ಧರಿಸುವ ಸಾಮರ್ಥ್ಯ ಬಹಳ ಕುಗ್ಗಿ, ಅಪಾಯವೂ ಇದ್ದಾಗ ಮಾತ್ರ 89ನೇ ಕಲಮಿನ ಬೆಂಬಲಿತ ದಾಖಲಾತಿ, ಗರಿಷ್ಠ 30 ದಿನ. ಅದಕ್ಕೆ ಪ್ರತಿನಿಧಿಯ ಅರ್ಜಿ ಬೇಕು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು, ಅದೇ ದಿನ ಇಲ್ಲವೇ ಹಿಂದಿನ 7 ದಿನದೊಳಗೆ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ 7 ದಿನದೊಳಗೆ ವರದಿ. ರೋಗಿ ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ. ಈ 3 ದಿನದ ಗಡುವು ತಪ್ಪುವುದು ಹೆಚ್ಚಾಗಿ ಶನಿವಾರ ದಾಖಲಾದವರದ್ದು, ಆದ್ದರಿಂದ ಭಾನುವಾರಕ್ಕೂ ಒಬ್ಬರ ಹೆಸರಿರಲಿ.

ಹೊಸ ಕಾನೂನು ಬೇಕೇ ಎಂಬ ಪ್ರಶ್ನೆಯೂ ಆಗಾಗ ಏಳುತ್ತದೆ. ಇಟಲಿ 1978ರ 180ನೇ ಕಾನೂನಿನಲ್ಲಿ ಮಾನಸಿಕ ಆಸ್ಪತ್ರೆಗಳಿಗೆ ಹೊಸ ದಾಖಲಾತಿ ನಿಲ್ಲಿಸಿ, ಜನರಲ್ ಆಸ್ಪತ್ರೆಯಲ್ಲೇ 15 ಹಾಸಿಗೆ ಮೀರದ ಘಟಕ ಇರಬೇಕೆಂದಿತು. ಅಲ್ಲಿ ಸಂಖ್ಯೆಯೇ ಕಾನೂನಿನೊಳಗಿತ್ತು. ನಮ್ಮ ದೇಶಕ್ಕೂ ಅನುಭವವಿಲ್ಲದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. 2017ರ ಕಾಯ್ದೆಯ ಕೊರತೆ ಎಂದರೆ ಇಂತಿಷ್ಟು ಹಾಸಿಗೆಗೆ ಇಂತಿಷ್ಟು ತಜ್ಞರು ಎಂಬ ಲೆಕ್ಕವನ್ನು ಜನರಲ್ ಆಸ್ಪತ್ರೆಗೆ ಹಾಕಿಕೊಡದಿರುವುದು. ತಜ್ಞರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ತರಲು ಸರ್ಕಾರಕ್ಕೆ ಅದು ಕೊಟ್ಟಿರುವ ಹತ್ತು ವರ್ಷ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ತಿದ್ದುಪಡಿ ತರುವುದಾದರೆ ಅಲ್ಲಿ ಸಂಖ್ಯೆ ಮತ್ತು ಹಣ ಬರಲಿ, ಆಶಯದ ವಾಕ್ಯ ಈಗಾಗಲೇ ಸಾಕಷ್ಟಿದೆ.

ಕೊನೆಗೆ ನಿಮ್ಮ ಬಿಲ್ಲಿಂಗ್ ಕೌಂಟರ್. ದೈಹಿಕ ಕಾಯಿಲೆಗಿರುವ ಆಧಾರದಲ್ಲೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 21ನೇ ಕಲಮಿನ 4ನೇ ಉಪಕಲಮು ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2018ರ ಆಗಸ್ಟ್‌ನಲ್ಲೇ ಇದನ್ನು ಪಾಲಿಸಲು ಸೂಚಿಸಿತು, 2022ರ ಅಕ್ಟೋಬರ್‌ನಲ್ಲಿ ಮತ್ತೆ ಗಡುವು ಕೊಟ್ಟಿತು. ಪಾಲಿಸಿಯಲ್ಲಿ ಹೊರಗಿಟ್ಟಿದ್ದೇವೆ ಎಂದ ಕಂಪನಿಗೆ ದೆಹಲಿ ಹೈಕೋರ್ಟ್ 2021ರಲ್ಲಿ ಹಣ ಕೊಡುವಂತೆ ಆದೇಶಿಸಿದೆ. ಆದರೂ ಕೆಲವು ಆಸ್ಪತ್ರೆಗಳಲ್ಲಿ ಕ್ಲೇಮ್ ತಿರಸ್ಕಾರವಾದೀತೆಂದು ಖಿನ್ನತೆಯನ್ನು ‘ಜಠರದ ಉರಿ’ ಎಂದು ಬರೆಯುತ್ತಾರೆ. ಇದು ಸುಳ್ಳು ದಾಖಲೆ, ಮತ್ತು ಮುಂದೆ ನೋಡುವ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ನಿಜವಾದ ರೋಗನಿರ್ಣಯವನ್ನೇ ಬರೆದು ಕಳಿಸಿ. ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ರೋಗಿಯ ಮನೆಯವರಿಗೆ ಕೊಡಿ. ಅವರು ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಬಗೆಹರಿಯದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಬಹುದು.